ನಿದ್ದೆ ಸರಿಪಡಿಸಿಕೊಳ್ಳುವುದು ಹೇಗೆ: ಬೆಳಗಿನ ಅಲಾರಂನಿಂದ ರಾತ್ರಿಯ ಯೋಚನೆಗಳವರೆಗೆ, ಹಂತ ಹಂತವಾಗಿ

"ಎಲ್ಲಾ ಮಾಡಿ ನೋಡಿದ್ದಾಯ್ತು, ನಿದ್ದೆ ಮಾತ್ರ ಬರ್ತಿಲ್ಲ" ಎನ್ನುವವರನ್ನು ಏನೇನು ಮಾಡಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ಬೇಗ ಮಲಗಿದೆ. ಫೋನ್ ಪಕ್ಕಕ್ಕಿಟ್ಟೆ. ಕಣ್ಣು ಮುಚ್ಚಿಕೊಂಡು "ಇವತ್ತು ಒಳ್ಳೆ ನಿದ್ದೆ ಬರುತ್ತೆ, ಬರುತ್ತೆ" ಅಂತ ಹೇಳಿಕೊಂಡೆ. ಗಂಟೆಯಾದರೂ ಬರಲಿಲ್ಲ. ಆಮೇಲೆ ಸಿಟ್ಟು ಬಂತು.

ಇದರಲ್ಲಿ ಎರಡು ಎಡವಟ್ಟುಗಳಿವೆ. ಕೆಲಸ ಶುರುವಾಗಿದ್ದೇ ದಿನದ ಕೊನೆಯಲ್ಲಿ. ಅಷ್ಟು ಹೊತ್ತಿಗೆ ಆ ರಾತ್ರಿ ಹೇಗಿರುತ್ತದೆ ಎನ್ನುವುದು ಬಹಳಷ್ಟು ತೀರ್ಮಾನವಾಗಿಬಿಟ್ಟಿರುತ್ತದೆ. ಇನ್ನೊಂದು, ಪಾಸಿಟಿವ್ ಥಿಂಕಿಂಗ್ ಹೆಸರಿನಲ್ಲಿ ನಿದ್ದೆಗೇ ಆರ್ಡರ್ ಹಾಕಿದ್ದು. ಬಂತಾ, ಇನ್ನೂ ಬಂದಿಲ್ವಾ ಎಂದು ಕಾಯುತ್ತಾ ಮಲಗಿದರೆ ಕಾಯುವುದಕ್ಕಾಗಿಯೇ ಮೆದುಳು ಎಚ್ಚರ ಇರುತ್ತದೆ.

ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಸಿಬಿಟಿ-ಐ ಎಂಬ ಚಿಕಿತ್ಸೆಯಿಂದ ಬಂದವು. ಮಾತ್ರೆ ಇಲ್ಲದೆ, ನಿದ್ದೆಯ ಸುತ್ತಲಿನ ಅಭ್ಯಾಸ ಮತ್ತು ಯೋಚನೆಗಳನ್ನು ಬದಲಿಸುವ ಚಿಕಿತ್ಸೆ ಅದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಎಂದು 2016ರಲ್ಲಿ ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಹೇಳಿತು. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ನಿಮಗೆ ಇಷ್ಟವಾದ ಎರಡನ್ನು ಆರಿಸಿಕೊಂಡು ಉಳಿದದ್ದನ್ನು ಬಿಟ್ಟರೆ ಹೆಚ್ಚೇನೂ ಬದಲಾಗುವುದಿಲ್ಲ. ಮೊದಲ ವಾರ ನಿದ್ದೆ ಸ್ವಲ್ಪ ಹದಗೆಡಲೂಬಹುದು. ನಾಲ್ಕರಿಂದ ಆರು ವಾರ ಕೊಡಿ.

## ಮೊದಲು ಜೋಡಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್, ಒಂದು ಪೆನ್. ಫೋನ್ ಅಲ್ಲದ ಒಂದು ಅಲಾರಂ ಗಡಿಯಾರ. ಮಂದ ಬೆಳಕಿನ ಒಂದು ದೀಪ. ಹಾಸಿಗೆಯಿಂದ ದೂರ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ, ಕೂರಲು ಒಂದು ಕುರ್ಚಿ. ಇಷ್ಟು ಸಾಕು.

ನಿದ್ದೆ ಅಳೆಯುವ ವಾಚ್ ಇದ್ದರೆ ಸದ್ಯಕ್ಕೆ ಬಿಚ್ಚಿಡಿ. ಬೆಳಿಗ್ಗೆ ಎದ್ದು "ಸ್ಕೋರ್ ಕಡಿಮೆ ಬಂತು" ಎಂದು ನೋಡಿದ ಮೇಲೆ, ಚೆನ್ನಾಗಿಯೇ ಇದ್ದ ಮೈಕೈಯೂ ನೋಯಲು ಶುರುವಾಗುತ್ತದೆ, ಅಲ್ವಾ?

ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಿದ್ದೆಯ ಡೈರಿ ಇರಲಿ. ಎಷ್ಟು ಗಂಟೆಗೆ ಹಾಸಿಗೆಗೆ ಹೋದಿರಿ, ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು, ನಡುವೆ ಎಷ್ಟು ಸಲ ಎಚ್ಚರವಾಯಿತು, ಬೆಳಿಗ್ಗೆ ಎಷ್ಟಕ್ಕೆ ಎದ್ದಿರಿ, ಕೊನೆಯ ಕಾಫಿ ಅಥವಾ ಟೀ ಯಾವಾಗ ಕುಡಿದಿರಿ. ದಿನಕ್ಕೆ ಒಂದೇ ಸಾಲು. ಇದನ್ನು ಬೆಳಿಗ್ಗೆ, ಅಂದಾಜಿನ ಮೇಲೆ ಬರೆಯಬೇಕು. ರಾತ್ರಿ ಗಡಿಯಾರ ನೋಡಿ ಬರೆಯುವಂತಿಲ್ಲ. ಗಡಿಯಾರದ ಮುಖವನ್ನು ಗೋಡೆ ಕಡೆ ತಿರುಗಿಸಿಡಿ.

## ಹಂತ 1: ಏಳುವ ಸಮಯಕ್ಕೆ ಮೊಳೆ ಹೊಡೆಯಿರಿ

ಇಷ್ಟು ಗಂಟೆಗೆ ನಿದ್ದೆ ಬರಲೇಬೇಕು ಎಂದು ಯಾರೂ ಗೊತ್ತುಮಾಡಲು ಆಗುವುದಿಲ್ಲ. ಇಷ್ಟು ಗಂಟೆಗೆ ಏಳುತ್ತೇನೆ ಎಂದು ಗೊತ್ತುಮಾಡಬಹುದು. ಹಾಗಾಗಿ ನಿಮ್ಮ ಹಿಡಿತದಲ್ಲಿರುವ ತುದಿಯನ್ನು ಮೊದಲು ಹಿಡಿಯಿರಿ. ಒಂದು ಸಮಯ ಆರಿಸಿ. ರಜಾದಿನಕ್ಕೂ ಅದೇ. ರಾತ್ರಿ ಎಷ್ಟೇ ಕೆಟ್ಟದಾಗಿ ಕಳೆದಿದ್ದರೂ ಅದೇ.

ಕಾರಣ ಇಷ್ಟು. ನಾವು ಎಚ್ಚರ ಇದ್ದಷ್ಟು ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ. ಅದು ಹೆಚ್ಚಾದಂತೆ ನಿದ್ದೆಯ ಒತ್ತಡ ಹೆಚ್ಚುತ್ತದೆ. ಭಾನುವಾರ ಹತ್ತಕ್ಕೆ ಎದ್ದವರಿಗೆ ಅದೇ ರಾತ್ರಿ ಹತ್ತೂವರೆಗೆ ನಿದ್ದೆ ಬರದಿದ್ದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಒತ್ತಡ ಸೇರಲು ಸಮಯವೇ ಸಿಕ್ಕಿಲ್ಲ.

ಎಲ್ಲರೂ ಮಾಡುವ ತಪ್ಪು: ಹಿಂದಿನ ರಾತ್ರಿಯ ನಿದ್ದೆ ತುಂಬಿಕೊಳ್ಳಲು ಒಂಬತ್ತಕ್ಕೇ ಮಲಗುವುದು. ನಿದ್ದೆ ಜಾಸ್ತಿ ಆಗುವುದಿಲ್ಲ, ಹೊರಳಾಟ ಜಾಸ್ತಿ ಆಗುತ್ತದೆ.

## ಹಂತ 2: ಹಗಲಿನ ಮೂರು ವಿಷಯ

ಎದ್ದ ಒಂದು ಗಂಟೆಯೊಳಗೆ ಹೊರಗಿನ ಬೆಳಕಿಗೆ ಹೋಗಿ, ಅರ್ಧ ಗಂಟೆ ಇರಿ. ಮೋಡ ಇದ್ದರೂ ಮನೆಯೊಳಗಿನ ಬಲ್ಬಿಗಿಂತ ಹೊರಗಿನ ಬೆಳಕು ಎಷ್ಟೋ ಪಟ್ಟು ಹೆಚ್ಚು. ದೇಹದ ಗಡಿಯಾರ ಹೊಂದಿಕೊಳ್ಳುವುದು ಇದರಿಂದಲೇ.

ಕಾಫಿ, ಟೀಯಲ್ಲಿರುವ ಕೆಫೀನ್ ಅಡೆನೋಸಿನ್‌ನ ಜಾಗದಲ್ಲಿ ಹೋಗಿ ಕುಳಿತುಕೊಳ್ಳುತ್ತದೆ. ದಣಿವು ಹಾಗೇ ಇರುತ್ತದೆ, ಅದು ನಮಗೆ ಗೊತ್ತಾಗುವುದಿಲ್ಲ ಅಷ್ಟೆ. ಕುಡಿದದ್ದರಲ್ಲಿ ಅರ್ಧದಷ್ಟು ಇಳಿಯಲು ಸಾಮಾನ್ಯವಾಗಿ ಐದಾರು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ಭಾಗ ರಾತ್ರಿ ಹತ್ತು–ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. "ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತೆ" ಎನ್ನುವವರಿಗೂ ನಿದ್ದೆಯ ಆಳ ಕಡಿಮೆಯಾಗಬಹುದು. ಮಧ್ಯಾಹ್ನದ ಊಟದ ಹೊತ್ತಿಗೆ ದಿನದ ಕೊನೆಯ ಕಪ್ ಮುಗಿಸಿ.

ಹಗಲು ಮಲಗಲೇಬೇಕಿದ್ದರೆ ಮೂರು ಗಂಟೆಯೊಳಗೆ, ಅಲಾರಂ ಇಟ್ಟುಕೊಂಡು, 20 ನಿಮಿಷ. ರಾತ್ರಿ ನಿದ್ದೆ ತೀರಾ ಕೆಟ್ಟಿರುವವರು ಈ ನಾಲ್ಕಾರು ವಾರ ಅದನ್ನೂ ಬಿಡುವುದು ಒಳ್ಳೆಯದು. ಮದ್ಯದ ವಿಷಯ ಒಂದೇ ಮಾತು: ಬೇಗ ಮಂಪರು ತರಿಸುತ್ತದೆ, ರಾತ್ರಿಯ ದ್ವಿತೀಯಾರ್ಧವನ್ನು ಚೂರು ಚೂರು ಮಾಡುತ್ತದೆ.

## ಹಂತ 3: ಚಿಂತೆಗಳನ್ನು ಸಂಜೆಯೇ ಕಾಗದಕ್ಕೆ ಇಳಿಸಿ

ಜನ ಅತಿ ಹೆಚ್ಚು ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಅತಿ ಹೆಚ್ಚು ಫಲ ಕೊಡುವ ಹಂತವೂ ಇದೇ.

ದಿನವಿಡೀ ಕೆಲಸದಲ್ಲಿ ಮುಳುಗಿರುವವರಿಗೆ ಸುಮ್ನೆ ಇರುವ ಮೊದಲ ಅವಕಾಶ ಸಿಗುವುದು ದಿಂಬಿಗೆ ತಲೆ ಇಟ್ಟಾಗ. ಬೆಳಿಗ್ಗೆಯಿಂದ ಸರದಿಯಲ್ಲಿ ನಿಂತಿದ್ದ ಯೋಚನೆಗಳೆಲ್ಲ ಆಗಲೇ ಒಳಗೆ ನುಗ್ಗುತ್ತವೆ. ಅವುಗಳಿಗೆ ಮೊದಲೇ ಒಂದು ಸಮಯ ಕೊಡಬೇಕು. ಮಲಗುವ ಎರಡು ಗಂಟೆ ಮೊದಲು, ಕುರ್ಚಿಯಲ್ಲಿ ಕುಳಿತು, 15 ನಿಮಿಷ. ಹಾಸಿಗೆಯ ಮೇಲೆ ಕೂತು ಬರೆಯಬೇಡಿ.

ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಚಿಂತೆ. ಬಲಕ್ಕೆ, ಅದಕ್ಕೆ ಸಂಬಂಧಿಸಿ ನಾಳೆ ಮಾಡುವ ಅತಿ ಚಿಕ್ಕ ಕೆಲಸ, ಸಮಯದ ಸಮೇತ. ಒಂದು ಪುಟ ಹೀಗಿರಬಹುದು:

ಎಡಕ್ಕೆ: "ರಿಪೋರ್ಟ್ ಮುಗಿದಿಲ್ಲ, ಮೀಟಿಂಗ್‌ನಲ್ಲಿ ಬೈಸಿಕೊಳ್ಳುತ್ತೇನೆ." ಬಲಕ್ಕೆ: "9.30ಕ್ಕೆ ಫೈಲ್ ತೆರೆದು ಮೂರನೇ ಪುಟದ ಲೆಕ್ಕ ಮಾತ್ರ ನೋಡುವುದು. 10ಕ್ಕೆ ಒಂದು ದಿನ ಹೆಚ್ಚು ಬೇಕು ಎಂದು ಮೆಸೇಜ್."

ಎಡಕ್ಕೆ: "ಅಮ್ಮನ ಮಂಡಿನೋವು ಕಡಿಮೆಯೇ ಆಗ್ತಿಲ್ಲ." ಬಲಕ್ಕೆ: "ಮಧ್ಯಾಹ್ನ ಒಂದಕ್ಕೆ ಡಾಕ್ಟರ್ ಅಪಾಯಿಂಟ್‌ಮೆಂಟಿಗೆ ಫೋನ್."

ಎಡಕ್ಕೆ: "ಅವನು ಯಾಕೆ ಹಾಗೆ ಮಾತಾಡಿದ?" ಬಲಕ್ಕೆ: "ನಾಳೆ ಮಾಡುವಂಥದ್ದು ಏನೂ ಇಲ್ಲ."

ಮೂರನೆಯದನ್ನು ಗಮನಿಸಿ. ಮಾಡಲು ಏನೂ ಇಲ್ಲದಿದ್ದರೆ ಹಾಗೆಂದೇ ಬರೆಯಬೇಕು. ಖಾಲಿ ಬಿಟ್ಟರೆ ಆ ಸಾಲು ಹನ್ನೊಂದು ಗಂಟೆಗೆ ವಾಪಸ್ ಬರುತ್ತದೆ.

2018ರಲ್ಲಿ ಪ್ರಕಟವಾದ ಬೇಲರ್ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ 57 ಯುವಜನರನ್ನು ಎರಡು ಗುಂಪು ಮಾಡಿದ್ದರು. ಮಲಗುವ ಮುನ್ನ ಐದು ನಿಮಿಷ, ಒಂದು ಗುಂಪು ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆಯಿತು. ಇನ್ನೊಂದು ಗುಂಪು ಮುಗಿಸಿದ ಕೆಲಸಗಳನ್ನು ಬರೆಯಿತು. ಮೊದಲ ಗುಂಪಿಗೆ ಸರಾಸರಿ ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಪಟ್ಟಿ ಎಷ್ಟು ವಿವರವಾಗಿತ್ತೋ ನಿದ್ದೆ ಅಷ್ಟು ಬೇಗ. ಹಾಗಾಗಿ "ಆಫೀಸ್ ಕೆಲಸ" ಎಂದು ಒಂದು ಪದ ಗೀಚಿ ಮುಗಿಸಬೇಡಿ.

ಆಮೇಲೆ ಪುಟದ ಕೆಳಗೆ, ಆ ದಿನ ಸರಿಹೋದ ಮೂರು ಸಂಗತಿ. ಇಲ್ಲಿ ದೊಡ್ಡ ದೊಡ್ಡದನ್ನು ಬರೆಯುವವರೇ ಜಾಸ್ತಿ: ಆರೋಗ್ಯ, ಕುಟುಂಬ, ಉದ್ಯೋಗ. ನಾಲ್ಕು ದಿನದಲ್ಲಿ ಬೇಜಾರಾಗಿ ಬಿಟ್ಟುಬಿಡುತ್ತಾರೆ. ಆ ದಿನಕ್ಕೆ ಮಾತ್ರ ಸೇರಿದ್ದನ್ನು ಬರೆಯಿರಿ. "ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು" ಸಾಕು. "ಹಳೇ ಗೆಳತಿ ತಾನಾಗೇ ಫೋನ್ ಮಾಡಿದಳು" ಇನ್ನೂ ಒಳ್ಳೆಯದು. ಏನೂ ಸಿಗದ ದಿನ ಬಲವಂತವಾಗಿ ಬರೆಯಬೇಡಿ.

ಬರೆದಾದ ಮೇಲೆ ನೋಟ್‌ಬುಕ್ ಮುಚ್ಚಿ, ಮಲಗುವ ಕೋಣೆಯ ಹೊರಗಿಡಿ.

ಎಚ್ಚರಿಕೆ: ಬರೆಯುತ್ತಾ ಹೋದಂತೆ ಎದೆ ಹೊಡೆದುಕೊಳ್ಳುವುದು, ಕಣ್ಣೀರು ನಿಲ್ಲದಿರುವುದು ಆಗುತ್ತಿದ್ದರೆ ಪೆನ್ ಕೆಳಗಿಡಿ. ಅದು ಒಬ್ಬರೇ ನೋಟ್‌ಬುಕ್ಕಿನಲ್ಲಿ ಬಗೆಹರಿಸಿಕೊಳ್ಳುವ ವಿಷಯ ಅಲ್ಲ. ನಂಬಿಕೆಯ ಒಬ್ಬರ ಹತ್ತಿರವೋ, ಆಪ್ತಸಮಾಲೋಚಕರ ಹತ್ತಿರವೋ ಮಾತಾಡಬೇಕಾದದ್ದು.

## ಹಂತ 4: ಕೊನೆಯ ಒಂದು ಗಂಟೆ

ಇದರ ಬಗ್ಗೆ ನೀವು ಈಗಾಗಲೇ ಸಾಕಷ್ಟು ಓದಿರುತ್ತೀರಿ, ಬೇಗ ಮುಗಿಸೋಣ. ದೊಡ್ಡ ದೀಪ ಆರಿಸಿ, ಮಂದ ದೀಪ ಹಚ್ಚಿ. ಫೋನನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಫೋನಿನ ಬೆಳಕಿನಷ್ಟೇ ತೊಂದರೆ ಅದರಲ್ಲಿ ಬರುವ ಸುದ್ದಿ, ಜಗಳ, ಆಫೀಸ್ ಮೆಸೇಜುಗಳದ್ದು. ಪರದೆಯನ್ನು ಹಳದಿ ಬಣ್ಣಕ್ಕೆ ತಿರುಗಿಸಿದ ಮಾತ್ರಕ್ಕೆ ಜಗಳ ತಣ್ಣಗಾಗುವುದಿಲ್ಲ.

ಬಿಸಿನೀರ ಸ್ನಾನ ಸಹಾಯ ಮಾಡುತ್ತದೆ. ಆದರೆ ಮಲಗುವ ಒಂದೆರಡು ಗಂಟೆ ಮೊದಲು ಮಾಡಬೇಕು. ಸ್ನಾನದ ನಂತರ ಕೈಕಾಲಿನ ಮೂಲಕ ಶಾಖ ಹೊರಹೋಗಿ ದೇಹದ ಒಳಗಿನ ಉಷ್ಣತೆ ಇಳಿಯುತ್ತದೆ. ನಿದ್ದೆಗೆ ಬೇಕಾದದ್ದು ಆ ಇಳಿತ. ಕೋಣೆ ತಂಪಾಗಿ, ಕತ್ತಲೆಯಾಗಿ, ಸದ್ದಿಲ್ಲದೆ ಇರಲಿ.

## ಹಂತ 5: ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ

ಸುಸ್ತು ಬೇರೆ, ನಿದ್ದೆ ಬೇರೆ. ಮೈ ನೋಯುತ್ತಿದೆ, ತಲೆ ಭಾರ, ಏನೂ ಬೇಡ ಅನಿಸುತ್ತಿದೆ, ಇದು ಸುಸ್ತು. ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿದೆ, ಓದಿದ ಸಾಲನ್ನೇ ಮೂರು ಸಲ ಓದುತ್ತಿದ್ದೀರಿ, ತಲೆ ತೂಗಿ ಮುಂದೆ ಬೀಳುತ್ತಿದೆ, ಇದು ನಿದ್ದೆ. ಮೊದಲನೆಯದಕ್ಕೆ ಕುರ್ಚಿ ಸಾಕು. ಎರಡನೆಯದಕ್ಕೆ ಮಾತ್ರ ಹಾಸಿಗೆ.

ಹಾಸಿಗೆಯಲ್ಲಿ ಊಟ, ಟಿವಿ, ಲ್ಯಾಪ್‌ಟಾಪ್ ಯಾವುದೂ ಬೇಡ. ಸೋಫಾದಲ್ಲಿ ತೂಕಡಿಸುತ್ತಿದ್ದವರು ಹಾಸಿಗೆಗೆ ಬಂದ ತಕ್ಷಣ ಪೂರ್ತಿ ಎಚ್ಚರವಾಗುವುದನ್ನು ನೀವೂ ನೋಡಿರುತ್ತೀರಿ. ಎಷ್ಟೋ ರಾತ್ರಿ ಅಲ್ಲೇ ಒದ್ದಾಡಿದ್ದರಿಂದ ಹಾಸಿಗೆ ಎಂದರೆ ಎಚ್ಚರ ಇರುವ ಜಾಗ ಎಂದು ಮೆದುಳು ಕಲಿತುಬಿಟ್ಟಿರುತ್ತದೆ. ಹಂತ 7ರಲ್ಲಿ ಆ ಪಾಠ ಅಳಿಸುತ್ತೇವೆ.

## ಹಂತ 6: ದೀಪ ಆರಿದ ಮೇಲೆ ಬರುವ ಯೋಚನೆಗಳು

ಓಡಿಸಲು ಹೋಗಬೇಡಿ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಜನರಿಗೆ ಹೇಳಿದರು. ಪದೇ ಪದೇ ಬಂದದ್ದು ಬಿಳಿ ಕರಡಿಯೇ. "ನೆಗೆಟಿವ್ ಯೋಚನೆ ಮಾಡಬಾರದು" ಎಂದು ಹಲ್ಲು ಕಚ್ಚಿ ಮಲಗಿದರೂ ಆಗುವುದು ಇದೇ.

ಒಳಗಿನ ವಾಕ್ಯ ಹಿಡಿಯಿರಿ, ನಿಜವಾದ ವಾಕ್ಯ ಅದರ ಜಾಗದಲ್ಲಿ ಇಡಿ. ಸಿಹಿಯಾದ ವಾಕ್ಯ ಬೇಡ. ಕತ್ತಲಲ್ಲಿ, ಕಣ್ಣು ಉರಿಯುತ್ತಿರುವಾಗಲೂ ನೀವು ನಂಬುವಂಥ ವಾಕ್ಯ ಬೇಕು. "ನಾನು ಗಾಢವಾಗಿ ನಿದ್ರಿಸುತ್ತಿದ್ದೇನೆ" ಎಂದು ಎಚ್ಚರ ಇರುವವರು ಹೇಳಿಕೊಂಡರೆ ಮನಸ್ಸು ಒಳಗೇ ನಗುತ್ತದೆ.

"ನಾಳೆ ಇಡೀ ದಿನ ಹಾಳು." ಇದರ ಜಾಗದಲ್ಲಿ: "ಹಿಂದೆಯೂ ನಿದ್ದೆಗೆಟ್ಟು ಕೆಲಸಕ್ಕೆ ಹೋಗಿದ್ದೇನೆ. ಸುಸ್ತಾಗಿತ್ತು, ದಿನ ಮುಗಿಯಿತು."

"ರಾತ್ರಿಯೆಲ್ಲ ಕಣ್ಣೇ ಮುಚ್ಚಿಲ್ಲ." ಇದರ ಜಾಗದಲ್ಲಿ: "ನಡುವೆ ಜೊಂಪು ಹತ್ತಿರಬಹುದು, ನನಗೆ ಗೊತ್ತಾಗಿಲ್ಲ." ಇದು ಸುಮ್ನೆ ಸಮಾಧಾನದ ಮಾತಲ್ಲ. ನಿದ್ದೆ ಬರದವರು ತಾವು ಮಾಡಿದ ನಿದ್ದೆಯನ್ನು ಕಡಿಮೆ ಎಂದು ಅಂದಾಜು ಮಾಡುವುದು ನಿದ್ದೆಯ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಗತಿ.

"ಮತ್ತೆ ಎಚ್ಚರವಾಯ್ತು, ಮುಗೀತು ಕಥೆ." ಇದರ ಜಾಗದಲ್ಲಿ: "ಒಂದು ಸುತ್ತು ಮುಗಿದಿದೆ." ನಿದ್ದೆ ಸುಮಾರು ಒಂದೂವರೆ ಗಂಟೆಯ ಸುತ್ತುಗಳಲ್ಲಿ ಸಾಗುತ್ತದೆ. ಸುತ್ತುಗಳ ನಡುವೆ ಚಿಕ್ಕ ಎಚ್ಚರ ಎಲ್ಲರಿಗೂ ಆಗುತ್ತದೆ. ಚೆನ್ನಾಗಿ ಮಲಗುವವರು ಅದನ್ನು ಮರೆತುಬಿಡುತ್ತಾರೆ. ಉಳಿದವರು ಟೈಮ್ ನೋಡುತ್ತಾರೆ.

"ಎಂಟು ಗಂಟೆ ಆಗಲೇಬೇಕು." ದೊಡ್ಡವರಿಗೆ ಏಳು ಗಂಟೆ ಅಥವಾ ಹೆಚ್ಚು ಎನ್ನುವುದು ಸಾಮಾನ್ಯ ಸಲಹೆ. ಅದು ಒಟ್ಟಾರೆ ಗುರಿ. ಒಂದು ರಾತ್ರಿ ಕಡಿಮೆಯಾದರೆ ಪರೀಕ್ಷೆಯಲ್ಲಿ ಫೇಲ್ ಆದಂತೇನಲ್ಲ.

ನಿಮ್ಮ ಸ್ವಂತ ವಾಕ್ಯಗಳನ್ನು ಹಗಲು ಹೊತ್ತಿನಲ್ಲೇ ಬರೆದಿಟ್ಟುಕೊಳ್ಳಿ. ನಡುರಾತ್ರಿ ಹೊಸದಾಗಿ ಹುಡುಕಲು ಆಗುವುದಿಲ್ಲ.

ಒಂದು ದೃಶ್ಯದೊಳಗೆ ನಡೆಯಿರಿ. 2002ರ ಒಂದು ಆಕ್ಸ್‌ಫರ್ಡ್ ಅಧ್ಯಯನದಲ್ಲಿ ನಿದ್ರಾಹೀನತೆ ಇದ್ದವರಲ್ಲಿ ಹಿತವಾದ ದೃಶ್ಯವನ್ನು ವಿವರವಾಗಿ ಕಲ್ಪಿಸಿಕೊಂಡವರು, ಯಾವ ಸೂಚನೆಯೂ ಇಲ್ಲದೆ ಮಲಗಿದವರಿಗಿಂತ, ಬೇಗ ನಿದ್ದೆ ಹೋದರು. ಬರೀ "ಸಮುದ್ರ ತೀರ" ಎಂದುಕೊಂಡರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಹಳೆಯ ಮನೆ ಆರಿಸಿ. ಬಾಗಿಲ ಚಿಲಕ ಕೈಗೆ ತಣ್ಣಗಿದೆ. ಎಳೆದರೆ ಸ್ವಲ್ಪ ಬಿಗಿ. ಎಡಕ್ಕೆ ಚಪ್ಪಲಿ ಬಿಡುವ ಜಾಗ, ಅಲ್ಲಿ ಯಾರ ಚಪ್ಪಲಿ ಇದೆ? ಕಾಲಡಿ ನೆಲ ನುಣುಪೋ ತರಿತರಿಯೋ? ಗೋಡೆಯ ಮೇಲೆ ಏನು ತೂಗುಹಾಕಿದೆ? ಹೀಗೆ ನಿಧಾನವಾಗಿ ಹೋಗಿ. ಹಿತ್ತಲಿಗೆ ತಲುಪುವಷ್ಟರಲ್ಲಿ ದಾರಿ ತಪ್ಪಿದರೆ ಒಳ್ಳೆಯ ಲಕ್ಷಣ. ಚಿಂತೆ ನಡುವೆ ನುಗ್ಗಿದರೆ "ನಾಳೆ ಪುಟಕ್ಕೆ" ಎಂದು ಹೇಳಿ, ನಿಂತಿದ್ದ ಜಾಗಕ್ಕೇ ಮರಳಿ. ನೋವಿನ ನೆನಪಿರುವ ಮನೆ ಮಾತ್ರ ಬೇಡ.

ಮೈ ಬಿಗಿಯಾಗಿದ್ದರೆ ಪಾದದಿಂದ ಶುರು ಮಾಡಿ. ಒಂದೊಂದೇ ಭಾಗವನ್ನು ಐದು ಸೆಕೆಂಡ್ ಬಿಗಿಮಾಡಿ, ಇಪ್ಪತ್ತು ಸೆಕೆಂಡ್ ಸಡಿಲ ಬಿಡಿ. ಮೀನಖಂಡ, ತೊಡೆ, ಹೊಟ್ಟೆ, ಭುಜ, ದವಡೆ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ನಿಧಾನವಾಗಿರಲಿ. ಮೊದಲ ಕೆಲವು ಸಲ ಹಗಲಿನಲ್ಲಿ ಅಭ್ಯಾಸ ಮಾಡಿ.

ಏನೂ ನಡೆಯದಿದ್ದರೆ ಉಲ್ಟಾ ಮಾಡಿ. ಕತ್ತಲಲ್ಲಿ ಕಣ್ಣು ತೆರೆದಿಟ್ಟು "ಇನ್ನೂ ಸ್ವಲ್ಪ ಹೊತ್ತು ಎಚ್ಚರ ಇರೋಣ" ಎಂದುಕೊಳ್ಳಿ. ನಿದ್ದೆ ಮಾಡಲೇಬೇಕೆಂಬ ಹಟ ಬಿಟ್ಟಾಗ ಅದರ ಜೊತೆಗಿನ ಆತಂಕವೂ ಇಳಿಯುತ್ತದೆ. ಮನಶ್ಶಾಸ್ತ್ರದಲ್ಲಿ ಇದೂ ಒಪ್ಪಿತ ವಿಧಾನವೇ.

## ಹಂತ 7: ನಿದ್ದೆ ಬರದಿದ್ದರೆ ಎದ್ದುಬಿಡಿ

1972ರಲ್ಲಿ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಸೂಚಿಸಿದ ವಿಧಾನ ಇದು. ಹೇಳಲು ಸುಲಭ, ಮಾಡಲು ಬೇಸರ. ಸುಮಾರು 20 ನಿಮಿಷ ಆಯಿತು ಅನಿಸಿದರೆ, ಅಥವಾ ಕಿರಿಕಿರಿ ಶುರುವಾದರೆ, ಹಾಸಿಗೆ ಬಿಟ್ಟು ಎದ್ದು ಕುರ್ಚಿಗೆ ಹೋಗಿ. ಅಂದಾಜು ಸಾಕು, ಗಡಿಯಾರ ತಿರುಗಿಸಬೇಡಿ.

ಮಂದ ದೀಪದಲ್ಲಿ ಸಪ್ಪೆ ಕೆಲಸ ಮಾಡಿ. ಒಮ್ಮೆ ಓದಿದ ಪುಸ್ತಕ ಮತ್ತೆ ಓದುವುದು, ಒಗೆದ ಬಟ್ಟೆ ಮಡಿಸುವುದು. ಫೋನ್ ಬೇಡ, ಮೇಲ್ ಬೇಡ, ತಿಂಡಿ ಡಬ್ಬಿಯೂ ಬೇಡ. ರೆಪ್ಪೆ ಭಾರವಾದಾಗ ಮಾತ್ರ ವಾಪಸ್. ಮತ್ತೆ ಬರಲಿಲ್ಲವೇ? ಮತ್ತೆ ಏಳಿ. ಶುರುವಿನ ರಾತ್ರಿಗಳಲ್ಲಿ ಮೂರ್ನಾಲ್ಕು ಸಲ ಎದ್ದು ಓಡಾಡಿದರೂ ಅದು ವಿಧಾನ ಸೋತ ಗುರುತಲ್ಲ.

ಎರಡು ತಪ್ಪು ಪದೇ ಪದೇ ಆಗುತ್ತವೆ. ಎದ್ದು ಹೋಗಿ ಸೋಫಾದಲ್ಲೇ ಮಲಗಿಬಿಡುವುದು ಒಂದು. ಮೆದುಳು ಈಗ ಸೋಫಾವನ್ನು ಕಲಿಯುತ್ತದೆ. ಇನ್ನೊಂದು, ಮರುದಿನ ಅಲಾರಂ ಆರಿಸಿ ಎರಡು ಗಂಟೆ ಹೆಚ್ಚು ಮಲಗುವುದು. ರಾತ್ರಿ ಪಟ್ಟ ಶ್ರಮವೆಲ್ಲ ಅಲ್ಲಿಗೆ ವ್ಯರ್ಥ.

ವಯಸ್ಸಾದವರು, ತಲೆಸುತ್ತು ಇರುವವರು, ಕತ್ತಲಲ್ಲಿ ಬೀಳುವ ಭಯ ಇರುವವರು ಏಳುವುದು ಬೇಡ. ಹಾಸಿಗೆಯಲ್ಲೇ ದಿಂಬಿಗೆ ಒರಗಿ ಕುಳಿತು ಓದಲಿ.

## ಹಂತ 8: ಎರಡು ವಾರದ ನಂತರ ಲೆಕ್ಕ ಹಾಕಿ

ಡೈರಿ ತೆರೆಯಿರಿ. ನಿದ್ದೆ ಮಾಡಿದ ಸಮಯವನ್ನು ಹಾಸಿಗೆಯಲ್ಲಿದ್ದ ಒಟ್ಟು ಸಮಯದಿಂದ ಭಾಗಿಸಿ, ನೂರರಿಂದ ಗುಣಿಸಿ. ಎಂಟೂವರೆ ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆ ನಿದ್ದೆ ಆಗಿದ್ದರೆ ಸುಮಾರು 70. ಸಾಮಾನ್ಯವಾಗಿ 85ಕ್ಕಿಂತ ಮೇಲಿದ್ದರೆ ಚೆನ್ನಾಗಿದೆ ಎನ್ನುತ್ತಾರೆ.

ಕಡಿಮೆ ಇದ್ದರೆ ಹಾಸಿಗೆಯ ಸಮಯವನ್ನು ಇಳಿಸಿ. ಆರು ಗಂಟೆ ನಿದ್ದೆ ಬರುವವರು ಆರೂವರೆ ಗಂಟೆ ಇಟ್ಟುಕೊಳ್ಳಲಿ. ಬೆಳಿಗ್ಗೆ ಆರಕ್ಕೆ ಏಳುವುದಾದರೆ ಹನ್ನೊಂದೂವರೆಗೆ ಮೊದಲು ಹಾಸಿಗೆ ಇಲ್ಲ. ಒಂದು ವಾರ ಸರಾಸರಿ 85 ದಾಟಿದರೆ 15 ನಿಮಿಷ ಸೇರಿಸಿ. ಹೀಗೆ ವಾರವಾರ ನೋಡಿಕೊಂಡು ಹಿಗ್ಗಿಸುತ್ತಾ ಬನ್ನಿ. ಯಾವ ಕಾರಣಕ್ಕೂ ಐದೂವರೆ ಗಂಟೆಗಿಂತ ಕೆಳಗೆ ಇಳಿಸಬೇಡಿ.

ಮೂರ್ಛೆರೋಗ ಅಥವಾ ಬೈಪೋಲಾರ್ (ಮನಸ್ಥಿತಿ ವಿಪರೀತ ಏರಿಳಿಯುವ ಕಾಯಿಲೆ) ಇರುವವರು, ಗರ್ಭಿಣಿಯರು, ವಾಹನ ಅಥವಾ ಯಂತ್ರ ನಡೆಸುವ ಕೆಲಸದವರು ಈ ಹಂತವನ್ನು ವೈದ್ಯರನ್ನು ಕೇಳದೆ ಮಾಡಬಾರದು.

## ಇಲ್ಲಿಗೆ ನಿಲ್ಲಿಸಿ, ವೈದ್ಯರ ಬಳಿ ಹೋಗಿ

ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಗಕ್ಕನೆ ಎಳೆದುಕೊಳ್ಳುವುದು, ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ. ಇವು ಸ್ಲೀಪ್ ಆಪ್ನಿಯಾದ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಯ, ಲಕ್ಷಣಗಳು. ಎಷ್ಟು ಒಳ್ಳೆಯ ಯೋಚನೆ ಮಾಡಿದರೂ ಉಸಿರಿನ ದಾರಿ ತೆರೆಯುವುದಿಲ್ಲ. ಸಂಜೆಯಾಗುತ್ತಿದ್ದಂತೆ ಕಾಲಿನಲ್ಲಿ ಹುಳ ಹರಿದಂತಾಗಿ ಆಡಿಸದೆ ಇರಲಾಗದಿದ್ದರೆ ಅದಕ್ಕೂ ಬೇರೆಯೇ ಚಿಕಿತ್ಸೆ ಇದೆ.

ವಾಹನ ಓಡಿಸುವಾಗ ಕಣ್ಣು ಎಳೆದರೆ ಆ ಕ್ಷಣವೇ ಬದಿಗೆ ನಿಲ್ಲಿಸಿ. ಎರಡು ಮೂರು ಗಂಟೆ ಮಾತ್ರ ಮಲಗಿದರೂ ದಿನಗಟ್ಟಲೆ ವಿಪರೀತ ಉತ್ಸಾಹ ಇದ್ದರೆ ಅದೂ ತೋರಿಸಬೇಕಾದ ಲಕ್ಷಣವೇ. ಬದುಕು ಬೇಡ ಅನಿಸುತ್ತಿದ್ದರೆ ಇವತ್ತೇ ಯಾರಿಗಾದರೂ ಹೇಳಿ, ಇವತ್ತೇ ಸಹಾಯ ತೆಗೆದುಕೊಳ್ಳಿ.

ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಈ ಹಂತಗಳ ಹುಮ್ಮಸ್ಸಿನಲ್ಲಿ ಅದನ್ನು ಥಟ್ಟನೆ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಹಾಗೆ ಬಿಡುವುದು ಅಪಾಯ. ವೈದ್ಯರು ನಿಧಾನವಾಗಿ ಇಳಿಸುತ್ತಾರೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೇ ನಡೆದಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಹೋಗುವಾಗ ಡೈರಿಯ ಎರಡು ವಾರದ ಪುಟಗಳು, ನೀವು ನುಂಗುವ ಎಲ್ಲ ಔಷಧಿಗಳ ಪಟ್ಟಿ ಜೊತೆಗಿರಲಿ. ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಗೊರಕೆಯ ವಿಷಯ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.